ನಾಯಿಗೆ ಮನೆಯಡುಗೆ: ಅನ್ನ, ಮಾಂಸದ ಜೊತೆ ಇನ್ನೇನು ಬೇಕು?

ನಾಯಿಗೆ ಮನೆಯಲ್ಲಿ ಅಡುಗೆ ಮಾಡುವವರು ಸಾಮಾನ್ಯವಾಗಿ ಮಾಡುವುದು ಒಂದೇ. ಒಂದಿಷ್ಟು ಅನ್ನ, ಬೇಯಿಸಿದ ಕೋಳಿ ಮಾಂಸ, ಮೇಲೊಂದಿಷ್ಟು ಕ್ಯಾರೆಟ್. ನಾಯಿ ತಟ್ಟೆ ನೆಕ್ಕಿ ಖಾಲಿ ಮಾಡುತ್ತದೆ, ಮೈಕೈ ತುಂಬಿಕೊಂಡು ಚೆನ್ನಾಗಿ ಕಾಣುತ್ತದೆ, ನಮಗೂ ಸಮಾಧಾನ. ಎರಡು ಮೂರು ದಿನದ ಮಟ್ಟಿಗೆ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ತಿಂಗಳುಗಟ್ಟಲೆ ಇದನ್ನೇ ಹಾಕಿದರೆ ಒಳಗೊಳಗೇ ಕೊರತೆ ಶುರುವಾಗುತ್ತದೆ. ಮೂಳೆಗೆ ಬೇಕಾದ ಕ್ಯಾಲ್ಸಿಯಂ ಸಿಗುವುದಿಲ್ಲ. ಚರ್ಮಕ್ಕೆ ಬೇಕಾದ ಜಿಂಕ್ ಸಾಲದು. ವಿಟಮಿನ್ ಡಿ, ವಿಟಮಿನ್ ಇ, ತಾಮ್ರ, ಅಯೋಡಿನ್ ಎಲ್ಲವೂ ಕಡಿಮೆ.

ಇದು ಸುಮ್ನೆ ಹೆದರಿಸುವ ಮಾತಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪಶುವೈದ್ಯಕೀಯ ತಜ್ಞರು ಪುಸ್ತಕ ಮತ್ತು ಜಾಲತಾಣಗಳಿಂದ ಬೆಳೆದ ನಾಯಿಗಳ ಮನೆಯೂಟದ 200 ರೆಸಿಪಿ ತೆಗೆದುಕೊಂಡು, ಪೋಷಕಾಂಶಗಳ ಲೆಕ್ಕ ಹಾಕಿ 2013ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಶೇ 95ರಷ್ಟು ರೆಸಿಪಿಗಳಲ್ಲಿ ಕನಿಷ್ಠ ಒಂದಾದರೂ ಅಗತ್ಯ ಪೋಷಕಾಂಶ ಸಾಲದೆ ಬಂದಿತ್ತು. ಬಹುಪಾಲು ರೆಸಿಪಿಗಳಲ್ಲಿ ಒಂದಕ್ಕಿಂತ ಹೆಚ್ಚು ಕೊರತೆ ಇತ್ತು. ಹಾಗಂತ ಮನೆಯಡುಗೆಯೇ ಬೇಡ ಅನ್ನಬೇಕಿಲ್ಲ. ಅಳತೆ ಇಟ್ಟುಕೊಂಡು, ಕಣ್ಣಿಗೆ ಕಾಣದ ಖನಿಜ ಮತ್ತು ವಿಟಮಿನ್‌ಗಳನ್ನೂ ಸೇರಿಸಿ ಮಾಡಿದರೆ ಮನೆಯೂಟದಲ್ಲೇ ನಾಯಿಯನ್ನು ಚೆನ್ನಾಗಿ ಸಾಕಬಹುದು. ಹೇಗೆ ಅಂತ ನೋಡೋಣ.

ಯಾವ ನಾಯಿಗೆ ಈ ಲೆಕ್ಕ?

ಇಲ್ಲಿ ಹೇಳುವುದೆಲ್ಲ ಬೆಳವಣಿಗೆ ಮುಗಿದ, ಆರೋಗ್ಯವಾಗಿರುವ ನಾಯಿಗೆ. ಮರಿಗಳಿಗೆ, ಗಬ್ಬದ ನಾಯಿಗೆ, ಹಾಲೂಡಿಸುತ್ತಿರುವ ನಾಯಿಗೆ ಇದನ್ನು ಹಾಗೇ ಬಳಸಬೇಡಿ. ಕಿಡ್ನಿ, ಲಿವರ್ ಅಥವಾ ಪ್ಯಾಂಕ್ರಿಯಾಸ್ ತೊಂದರೆ ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಮೂತ್ರಕೋಶದಲ್ಲಿ ಕಲ್ಲಾಗಿದ್ದರೆ ಆಯಾ ಕಾಯಿಲೆಗೆ ತಕ್ಕ ಊಟವನ್ನು ಪಶುವೈದ್ಯರೇ ಬರೆದುಕೊಡಬೇಕು.

ದೊಡ್ಡ ತಳಿಯ ಮರಿಗಳ ವಿಷಯದಲ್ಲಂತೂ ಇನ್ನೂ ಹುಷಾರಾಗಿರಬೇಕು. ಕ್ಯಾಲ್ಸಿಯಂ ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ. ಬೇಡದ ಕ್ಯಾಲ್ಸಿಯಂ ಅನ್ನು ಹೀರಿಕೊಳ್ಳದೆ ಬಿಟ್ಟುಬಿಡುವ ಶಕ್ತಿ ಎಳೆಯ ಮರಿಯ ಕರುಳಿಗೆ ಇನ್ನೂ ಬಂದಿರುವುದಿಲ್ಲ. ಹಾಕಿದ್ದೆಲ್ಲ ಮೈಗೆ ಸೇರಿ ಮೂಳೆ, ಕೀಲುಗಳ ಬೆಳವಣಿಗೆ ಕೆಡಬಹುದು. ಮರಿ ದೊಡ್ಡದಾಗುವವರೆಗೆ ಮರಿಗಳಿಗೆಂದೇ ತಯಾರಿಸಿದ ಒಳ್ಳೆಯ ರೆಡಿಮೇಡ್ ಆಹಾರ ಹಾಕುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಶುರು ಮಾಡುವ ಮೊದಲು ಒಮ್ಮೆ ಪಶುವೈದ್ಯರ ಹತ್ತಿರ ಹೋಗಿ ನಾಯಿಯ ತೂಕ ನೋಡಿಸಿ, ರಕ್ತ ಪರೀಕ್ಷೆ ಮಾಡಿಸಿ. ಮುಂದೆ ಹೋಲಿಸಿ ನೋಡಲು ಈ ಅಂಕಿಗಳು ಬೇಕಾಗುತ್ತವೆ.

ಹಂತ 1: ದಿನಕ್ಕೆ ಎಷ್ಟು ಕ್ಯಾಲೊರಿ

ಕ್ಯಾಲ್ಕ್ಯುಲೇಟರ್ ತೆಗೆದುಕೊಳ್ಳಿ. ನಾಯಿಯ ತೂಕವನ್ನು ಕಿಲೋದಲ್ಲಿ ಹಾಕಿ, ತೂಕ × ತೂಕ × ತೂಕ ಮಾಡಿ. ಬಂದ ಸಂಖ್ಯೆಗೆ ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ. ಕೊನೆಗೆ 70ರಿಂದ ಗುಣಿಸಿ. ನಾಯಿ ಸುಮ್ಮನೆ ಮಲಗಿದ್ದರೂ ದಿನಕ್ಕೆ ಬೇಕಾಗುವ ಶಕ್ತಿ ಇದು.

10 ಕಿಲೋ ನಾಯಿಗೆ ಮಾಡಿ ನೋಡಿ. 10 × 10 × 10 ಅಂದರೆ 1000. ಒಮ್ಮೆ ವರ್ಗಮೂಲ ಒತ್ತಿದರೆ 31.6, ಇನ್ನೊಮ್ಮೆ ಒತ್ತಿದರೆ 5.62. ಅದನ್ನು 70ರಿಂದ ಗುಣಿಸಿದರೆ ಸುಮಾರು 394. ಓಡಾಟಕ್ಕೆ, ಆಟಕ್ಕೆ ಬೇಕಾಗುವ ಶಕ್ತಿ ಸೇರಬೇಕಲ್ವಾ? ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರುವ ನಾಯಿಗೆ ಇದನ್ನು 1.6ರಿಂದ, ಆಗದಿದ್ದರೆ 1.8ರಿಂದ ಗುಣಿಸಿ. ಶಸ್ತ್ರಚಿಕಿತ್ಸೆ ಆದ 10 ಕಿಲೋ ನಾಯಿಗೆ ಸುಮಾರು 630 ಕ್ಯಾಲೊರಿ ಆಯಿತು. ಇದೇ ಲೆಕ್ಕದಲ್ಲಿ 5 ಕಿಲೋ ನಾಯಿಗೆ ಸುಮಾರು 375, 20 ಕಿಲೋ ನಾಯಿಗೆ ಸುಮಾರು 1060. ಗಮನಿಸಿ, ತೂಕ ಎರಡರಷ್ಟಾದರೂ ಊಟ ಎರಡರಷ್ಟಾಗುವುದಿಲ್ಲ. ದೊಡ್ಡ ನಾಯಿಗಳು ಬೊಜ್ಜು ಬೆಳೆಸಿಕೊಳ್ಳುವುದಕ್ಕೆ ಈ ತಪ್ಪು ಲೆಕ್ಕವೂ ಒಂದು ಕಾರಣ.

ಈಗಾಗಲೇ ದಪ್ಪಗಾಗಿರುವ ನಾಯಿಯಾದರೆ ಇಳಿದು ತಲುಪಬೇಕಾದ ತೂಕವನ್ನು ಹಾಕಿ ಲೆಕ್ಕ ಮಾಡಿ, ಮೇಲೆ 1.6 ಅಥವಾ 1.8ರಿಂದ ಗುಣಿಸಬೇಡಿ.

ಈ ಅಂಕಿ ಅಂದಾಜು ಮಾತ್ರ. ಒಂದೇ ತೂಕದ ಎರಡು ನಾಯಿಗಳಿಗೆ ಬೇಕಾಗುವ ಊಟದಲ್ಲಿ ತುಂಬಾ ವ್ಯತ್ಯಾಸ ಇರಬಹುದು. ಇಲ್ಲಿಂದ ಶುರು ಮಾಡಿ, ತೂಕ ನೋಡಿಕೊಂಡು ಹೆಚ್ಚು ಕಡಿಮೆ ಮಾಡಬೇಕು.

ಹಂತ 2: ತಟ್ಟೆಯಲ್ಲಿ ಏನೇನಿರಬೇಕು

ಪ್ರೊಟೀನ್ ಮುಖ್ಯ. ಬೆಳೆದ ನಾಯಿಗೆ ಪ್ರತಿ 1000 ಕ್ಯಾಲೊರಿಗೆ ಕನಿಷ್ಠ 45 ಗ್ರಾಂ ಪ್ರೊಟೀನ್ ಇರಬೇಕು ಅನ್ನುವುದು ಅಮೆರಿಕದಲ್ಲಿ ನಾಯಿ ಆಹಾರಕ್ಕೆ ಇಟ್ಟಿರುವ ಮಾನದಂಡ. ಕೋಳಿ, ಮೀನು, ಮೊಟ್ಟೆ, ಇತರ ಮಾಂಸ ಎಲ್ಲವೂ ಆಗುತ್ತದೆ. ನಾಯಿಗೆ ಅನ್ನ ಜೀರ್ಣವಾಗುವುದಿಲ್ಲ ಅನ್ನುವ ಮಾತು ಆಗಾಗ ಕೇಳಿಬರುತ್ತದೆ. ಅದು ಸರಿಯಲ್ಲ. ತೋಳಗಳಿಗೆ ಹೋಲಿಸಿದರೆ ನಾಯಿಗಳಲ್ಲಿ ಪಿಷ್ಟ ಅರಗಿಸುವ ಜೀನ್‌ನ ಪ್ರತಿಗಳು ಜಾಸ್ತಿ ಇವೆ. ಚೆನ್ನಾಗಿ ಬೇಯಿಸಿದ ಅಕ್ಕಿ, ಓಟ್ಸ್, ಆಲೂಗಡ್ಡೆ, ಗೆಣಸು ಎಲ್ಲವನ್ನೂ ಅವು ಅರಗಿಸಿಕೊಳ್ಳುತ್ತವೆ. ತರಕಾರಿಯಿಂದ ನಾರು ಸಿಗುತ್ತದೆ, ಮಲ ಸರಿಯಾಗಿ ಹೋಗುತ್ತದೆ. ಎಣ್ಣೆಯಿಂದ ಚರ್ಮಕ್ಕೂ ಕೂದಲಿಗೂ ಬೇಕಾದ ಕೊಬ್ಬಿನಾಮ್ಲ ಸಿಗುತ್ತದೆ.

ಮಾಂಸವೇ ಇಲ್ಲದೆ ಸಾಕಬಹುದಾ ಅಂತ ಕೇಳುವವರಿದ್ದಾರೆ. ಸರಿಯಾಗಿ ಲೆಕ್ಕ ಹಾಕಿದರೆ ಮೊಟ್ಟೆ, ಹಾಲಿನ ಪದಾರ್ಥಗಳಿಂದಲೂ ನಾಯಿಗೆ ಬೇಕಾದ ಪ್ರೊಟೀನ್ ಒದಗಿಸಬಹುದು. ಆದರೆ ಬೇಳೆಕಾಳನ್ನೇ ನೆಚ್ಚಿಕೊಂಡು ನೀವೇ ರೆಸಿಪಿ ಕಟ್ಟಬೇಡಿ. ಬೇಳೆಕಾಳು ಹೆಚ್ಚಾಗಿರುವ ನಾಯಿ ಆಹಾರಕ್ಕೂ ಹೃದಯದ ಸ್ನಾಯು ಸಡಿಲವಾಗುವ ಕಾಯಿಲೆಗೂ ನಂಟಿದೆಯೇ ಅಂತ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ತನಿಖೆ ಶುರು ಮಾಡಿತ್ತು. ಮಾಂಸವಿಲ್ಲದ ಊಟಕ್ಕೆ ತಜ್ಞರ ರೆಸಿಪಿ ಬೇಕೇ ಬೇಕು.

ಹಂತ 3: ಕ್ಯಾಲ್ಸಿಯಂ

ಇದೊಂದು ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಮನೆಯೂಟದಲ್ಲಿ ಎಲ್ಲಕ್ಕಿಂತ ಹೆಚ್ಚು ಎಡವುವುದು ಇಲ್ಲೇ.

ಮಾಂಸದಲ್ಲಿ ರಂಜಕ (ಫಾಸ್ಫರಸ್) ತುಂಬಾ ಇದೆ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಾಯಿಯ ಊಟದಲ್ಲಿ ರಂಜಕ ಎಷ್ಟಿದೆಯೋ ಕ್ಯಾಲ್ಸಿಯಂ ಕನಿಷ್ಠ ಅಷ್ಟಾದರೂ ಇರಬೇಕು, ಎರಡರಷ್ಟು ಮೀರಬಾರದು. ಕ್ಯಾಲ್ಸಿಯಂ ಬರದೇ ಹೋದಾಗ ದೇಹ ಸುಮ್ಮನಿರುವುದಿಲ್ಲ. ರಕ್ತದಲ್ಲಿ ಅದರ ಮಟ್ಟ ಇಳಿಯದಂತೆ ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಮೂಳೆಯಿಂದ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ಬಿಡುತ್ತವೆ. ಹಾಗಾಗಿ ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿಯೇ ಕಾಣಬಹುದು, ಮೂಳೆ ಮಾತ್ರ ಟೊಳ್ಳಾಗುತ್ತಾ ಹೋಗುತ್ತದೆ. ಮರಿಗಳಲ್ಲಿ ಇದು ಬೇಗ ಗೊತ್ತಾಗುತ್ತದೆ: ಕುಂಟುವುದು, ಚಿಕ್ಕ ಜಿಗಿತಕ್ಕೇ ಮೂಳೆ ಮುರಿಯುವುದು. ದೊಡ್ಡ ನಾಯಿಗಳಲ್ಲಿ ತಿಂಗಳುಗಳೇ ಹಿಡಿಯಬಹುದು, ಅಷ್ಟು ದಿನ ಎಲ್ಲವೂ ಸರಿಯಿದೆ ಅಂತಲೇ ನಾವು ಅಂದುಕೊಂಡಿರುತ್ತೇವೆ.

ಹಾಲು, ಮೊಸರಿನಿಂದ ಈ ಕೊರತೆ ತುಂಬುವುದಿಲ್ಲ. ಅವುಗಳಲ್ಲಿ ಕ್ಯಾಲ್ಸಿಯಂ ಜೊತೆಗೆ ರಂಜಕವೂ ಇದೆ, ಬೇಕಾದಷ್ಟು ಕ್ಯಾಲ್ಸಿಯಂ ಬರಬೇಕಾದರೆ ಹೊಟ್ಟೆ ಕೆಡುವಷ್ಟು ಕುಡಿಸಬೇಕಾಗುತ್ತದೆ. ಬೇಯಿಸಿದ ಮೂಳೆಯಂತೂ ಬೇಡವೇ ಬೇಡ. ಬೆಂದ ಮೂಳೆ ಚೂಪಾಗಿ ಸೀಳುತ್ತದೆ, ಗಂಟಲಲ್ಲೋ ಕರುಳಲ್ಲೋ ಚುಚ್ಚಿಕೊಳ್ಳುತ್ತದೆ.

ಸುಲಭವಾಗಿ ಸಿಗುವುದು ಮೊಟ್ಟೆಯ ಚಿಪ್ಪು. ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ರಂಜಕ ತೀರಾ ಕಡಿಮೆ. ಒಡೆದ ಚಿಪ್ಪನ್ನು ತೊಳೆದು ಐದಾರು ನಿಮಿಷ ನೀರಲ್ಲಿ ಕುದಿಸಿ. ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ. ಬೇಗ ಆಗಬೇಕೆಂದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಬೆರಳಲ್ಲಿ ಒತ್ತಿದರೆ ಚಟ್ ಅಂತ ಮುರಿಯಬೇಕು, ಬಾಗಬಾರದು. ಆಮೇಲೆ ಒಣಗಿದ ಮಿಕ್ಸಿ ಜಾರಿಗೆ ಹಾಕಿ ನುಣ್ಣಗೆ ಪುಡಿ ಮಾಡಿ. ಮುಚ್ಚಳ ತಕ್ಷಣ ತೆಗೆಯಬೇಡಿ, ಬಿಳಿ ಧೂಳು ಮುಖಕ್ಕೇ ಬರುತ್ತದೆ. ಚಿಟಿಕೆ ಪುಡಿಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ. ಮರಳಿನ ಹಾಗೆ ತರಿತರಿ ಸಿಕ್ಕಿದರೆ ಜರಡಿ ಹಿಡಿದು ಮತ್ತೆ ಪುಡಿ ಮಾಡಿ. ಗಾಳಿಯಾಡದ ಡಬ್ಬಿಯಲ್ಲಿ, ತೇವ ತಾಗದ ಕಡೆ ಇಡಿ.

1 ಗ್ರಾಂ ಪುಡಿಯಲ್ಲಿ ಸುಮಾರು 380 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಮುಂದಿನ ಅಳತೆ ಇದರ ಮೇಲೇ ನಿಂತಿದೆ.

ಹಂತ 4: ವಿಟಮಿನ್ ಮತ್ತು ಖನಿಜದ ಪುಡಿ

ಕ್ಯಾಲ್ಸಿಯಂ ಒಂದನ್ನು ಸರಿಮಾಡಿದ ಕೂಡಲೇ ಊಟ ಪೂರ್ತಿಯಾಯಿತು ಅಂದುಕೊಳ್ಳಬೇಡಿ. ಕೋಳಿ, ಮೊಟ್ಟೆ, ಅನ್ನ, ತರಕಾರಿಯನ್ನು ಎಷ್ಟೇ ಚೆನ್ನಾಗಿ ಹೊಂದಿಸಿದರೂ ಜಿಂಕ್ ಬೇಕಾದ ಅರ್ಧದಷ್ಟೂ ಬರುವುದು ಕಷ್ಟ. ವಿಟಮಿನ್ ಡಿ ಇನ್ನೊಂದು ತೊಡಕು. ಬಿಸಿಲಿಗೆ ಮೈಯೊಡ್ಡಿದರೆ ನಮ್ಮ ಚರ್ಮದಲ್ಲಿ ಅದು ತಯಾರಾಗುತ್ತದೆ. ನಾಯಿಯ ಚರ್ಮದಲ್ಲಿ ಬೇಕಾದಷ್ಟು ತಯಾರಾಗುವುದಿಲ್ಲ, ಊಟದಿಂದಲೇ ಬರಬೇಕು. ಇವತ್ತು ಕೋಳಿ, ನಾಳೆ ಮೀನು ಅಂತ ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ಹಲವರು ನಂಬಿದ್ದಾರೆ. ಎಲ್ಲ ರೆಸಿಪಿಗಳಲ್ಲೂ ಅದೇ ನಾಲ್ಕೈದು ಪೋಷಕಾಂಶ ಕಡಿಮೆ ಇದ್ದರೆ ಎಷ್ಟು ಬದಲಿಸಿದರೂ ಕೊರತೆ ಹಾಗೇ ಉಳಿಯುತ್ತದೆ.

ಅದಕ್ಕೆ ನಾಯಿಗಳ ಮನೆಯೂಟಕ್ಕೆಂದೇ ತಯಾರಾದ ವಿಟಮಿನ್-ಖನಿಜದ ಪ್ರಿಮಿಕ್ಸ್ ಪುಡಿ ಬೇಕು. ಸುಮ್ನೆ ಕೂದಲು ಹೊಳೆಯಲಿ ಅಂತ ಕೊಡುವ ಟಾನಿಕ್ ಆಗುವುದಿಲ್ಲ. ಲೇಬಲ್ಲಿನಲ್ಲಿ ಜಿಂಕ್, ತಾಮ್ರ, ಮ್ಯಾಂಗನೀಸ್, ಅಯೋಡಿನ್, ಸೆಲೆನಿಯಂ, ವಿಟಮಿನ್ ಡಿ, ವಿಟಮಿನ್ ಇ ಎಷ್ಟೆಷ್ಟಿದೆ ಅಂತ ಬರೆದಿರಬೇಕು. ಎಷ್ಟು ಊಟಕ್ಕೆ ಎಷ್ಟು ಪುಡಿ ಅನ್ನುವುದೂ ಸ್ಪಷ್ಟವಾಗಿರಬೇಕು. ಅದರಲ್ಲಿ ಪೂರ್ತಿ ಕ್ಯಾಲ್ಸಿಯಂ ಈಗಾಗಲೇ ಸೇರಿದ್ದರೆ ಮೊಟ್ಟೆ ಚಿಪ್ಪಿನ ಪುಡಿ ಹಾಕಲೇಬೇಡಿ. ಎರಡೂ ಸೇರಿದರೆ ಕ್ಯಾಲ್ಸಿಯಂ ಅತಿಯಾಗುತ್ತದೆ, ಜಿಂಕ್ ಹೀರಿಕೊಳ್ಳುವುದಕ್ಕೂ ಅಡ್ಡಿಯಾಗುತ್ತದೆ.

ಮನುಷ್ಯರ ಮಲ್ಟಿವಿಟಮಿನ್ ಮಾತ್ರೆ ಕೊಡಬೇಡಿ. ಚೀಪುವ, ಜಗಿಯುವ ಮಾತ್ರೆಗಳಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಇರಬಹುದು, ಅದು ನಾಯಿಗೆ ವಿಷ. ಮೀನೆಣ್ಣೆ ಕೊಡುವುದಾದರೆ ಅದು ಕಾಡ್ ಎಂಬ ಮೀನಿನ ಲಿವರ್‌ನಿಂದ ತೆಗೆದ ಕಾಡ್ ಲಿವರ್ ಎಣ್ಣೆಯೋ ಅಲ್ಲವೋ ನೋಡಿಕೊಳ್ಳಿ. ಕಾಡ್ ಲಿವರ್ ಎಣ್ಣೆಯಲ್ಲಿ ವಿಟಮಿನ್ ಎ, ಡಿ ತುಂಬಾ ಇರುತ್ತದೆ, ಪ್ರಿಮಿಕ್ಸ್ ಜೊತೆ ಸೇರಿದರೆ ಮಿತಿ ಮೀರಬಹುದು.

ಸಾಧ್ಯವಿದ್ದರೆ ನಿಮ್ಮ ರೆಸಿಪಿಯನ್ನು ಪಶು ಪೋಷಣೆಯ ತಜ್ಞರಿಗೆ ಒಮ್ಮೆ ತೋರಿಸಿ. ಹತ್ತಿರದಲ್ಲಿ ಅಂಥವರಿಲ್ಲದಿದ್ದರೆ ಬ್ಯಾಲೆನ್ಸ್ ಐಟಿಯಂಥ ಸಾಫ್ಟ್‌ವೇರ್ ಇದೆ. ಪದಾರ್ಥಗಳನ್ನು ಆರಿಸಿದರೆ ರೆಸಿಪಿಯನ್ನೂ ಪ್ರಿಮಿಕ್ಸ್ ಅಳತೆಯನ್ನೂ ಅದೇ ಲೆಕ್ಕ ಹಾಕಿ ಕೊಡುತ್ತದೆ.

ಹಂತ 5: 10 ಕಿಲೋ ನಾಯಿಗೆ ಒಂದು ದಿನದ ಅಳತೆ

ಲೋಟ, ಸೌಟಿನ ಅಂದಾಜು ಬೇಡ. ಡಿಜಿಟಲ್ ಅಡುಗೆ ತಕ್ಕಡಿ ಇಟ್ಟುಕೊಳ್ಳಿ. ಮಾಂಸ ಮತ್ತು ತರಕಾರಿಯ ತೂಕ ಹಸಿಯಾಗಿದ್ದಾಗಿನದು, ಅನ್ನದ ತೂಕ ಬೆಂದ ಮೇಲಿನದು.

- ಮೂಳೆ, ಚರ್ಮ ತೆಗೆದ ಕೋಳಿ ತೊಡೆ: 200 ಗ್ರಾಂ
- ಕೋಳಿ ಲಿವರ್: 20 ಗ್ರಾಂ
- ಮೊಟ್ಟೆ: 1
- ಅನ್ನ: 150 ಗ್ರಾಂ
- ಸಿಹಿಗುಂಬಳ, ಕ್ಯಾರೆಟ್, ಬೀನ್ಸ್ ಒಟ್ಟು: 80 ಗ್ರಾಂ
- ಸೂರ್ಯಕಾಂತಿ ಎಣ್ಣೆ: 1 ಟೀ ಚಮಚ
- ಮೊಟ್ಟೆ ಚಿಪ್ಪಿನ ಪುಡಿ: 2 ಗ್ರಾಂ (ಪ್ರಿಮಿಕ್ಸ್‌ನಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಮಾತ್ರ)
- ಪ್ರಿಮಿಕ್ಸ್: ಲೇಬಲ್ಲಿನಲ್ಲಿ ಹೇಳಿದಷ್ಟು

ಇದೆಲ್ಲ ಸೇರಿ ಸುಮಾರು 600 ಕ್ಯಾಲೊರಿ, 50 ಗ್ರಾಂ ಮೇಲೆ ಪ್ರೊಟೀನ್. ಉಳಿದ ಮೂವತ್ತು ಕ್ಯಾಲೊರಿ ಬಿಸ್ಕತ್ತು, ತಿಂಡಿಗೆ ಇರಲಿ. ತಿಂಡಿಯ ಪಾಲು ಯಾವತ್ತೂ ದಿನದ ಒಟ್ಟು ಕ್ಯಾಲೊರಿಯ ಹತ್ತನೇ ಒಂದು ಭಾಗ ದಾಟಬಾರದು. 20 ಕಿಲೋ ನಾಯಿಯಾದರೆ ಎಲ್ಲವನ್ನೂ ಒಂದೂಮುಕ್ಕಾಲು ಪಟ್ಟು ಮಾಡಿ, ಪುಡಿಗಳನ್ನೂ ಸೇರಿಸಿ.

ಲಿವರ್ ಇಷ್ಟೇನಾ ಅನ್ನಿಸಬಹುದು. ನಾಯಿಗಳಿಗೆ ಅದರ ವಾಸನೆ ಕಂಡರೆ ಪ್ರಾಣ. ಆದರೆ ಅದರಲ್ಲಿ ವಿಟಮಿನ್ ಎ ತುಂಬಾ ಇದೆ, ಜಾಸ್ತಿಯಾದದ್ದು ಮೂತ್ರದಲ್ಲಿ ಹೊರಗೆ ಹೋಗದೆ ಮೈಯಲ್ಲೇ ಶೇಖರವಾಗುತ್ತದೆ. ಒಟ್ಟು ಊಟದ ಶೇ 5ರೊಳಗೇ ಇರಲಿ.

ಹಂತ 6: ಒಲೆಯ ಮೇಲೆ

ಅನ್ನವನ್ನು ಸ್ವಲ್ಪ ಜಾಸ್ತಿ ನೀರಿಟ್ಟು ಮೆತ್ತಗೆ ಬೇಯಿಸಿಕೊಳ್ಳಿ. ಮಾಂಸ ಮತ್ತು ಲಿವರ್ ಸಣ್ಣಗೆ ಹೆಚ್ಚಿ, ಮುಳುಗುವಷ್ಟೇ ನೀರು ಹಾಕಿ ಬೇಯಿಸಿ. ಅಡುಗೆಯ ಥರ್ಮಾಮೀಟರ್ ಇದ್ದರೆ ಕೋಳಿಯ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಇಲ್ಲದಿದ್ದರೆ ದೊಡ್ಡ ತುಂಡೊಂದನ್ನು ಕತ್ತರಿಸಿ ನೋಡಿ, ಒಳಗೆ ಎಲ್ಲೂ ಗುಲಾಬಿ ಬಣ್ಣ ಇರಬಾರದು. ತರಕಾರಿಯನ್ನು ಅದೇ ಪಾತ್ರೆಗೆ ಹಾಕಿ ಮೆತ್ತಗಾಗುವವರೆಗೆ ಬೇಯಿಸಿ, ಸೌಟಿನಲ್ಲಿ ಹಿಸುಕಿ. ನಾಯಿಗಳು ಅಗಿಯುವುದಕ್ಕಿಂತ ನುಂಗುವುದೇ ಜಾಸ್ತಿ. ಹಿಸುಕದೆ ಹಾಕಿದ ಕ್ಯಾರೆಟ್ ತುಂಡು ಹೋದ ಹಾಗೇ ಹೊರಗೆ ಬರುವುದನ್ನು ನೀವೇ ನೋಡಿರುತ್ತೀರಿ.

ಬೇಯಿಸಿದ ನೀರನ್ನು ಚೆಲ್ಲಬೇಡಿ. ಬಿ ಗುಂಪಿನ ವಿಟಮಿನ್‌ಗಳು, ಪೊಟ್ಯಾಸಿಯಂ ಅದರಲ್ಲೇ ಇಳಿದಿರುತ್ತವೆ. ಅನ್ನದ ಜೊತೆ ಕಲಸಿದರೆ ಹೀರಿಕೊಳ್ಳುತ್ತದೆ. ಮೊಟ್ಟೆಯನ್ನು ಕೊನೆಯಲ್ಲಿ ಒಡೆದು ಹಾಕಿ ಗಟ್ಟಿಯಾಗುವವರೆಗೆ ಕೈಯಾಡಿಸಿ. ಹಸಿ ಮೊಟ್ಟೆಯ ಬಿಳಿಯಲ್ಲಿರುವ ಅವಿಡಿನ್ ಎಂಬ ಪ್ರೊಟೀನ್ ಬಯೋಟಿನ್ ವಿಟಮಿನ್ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇಯಿಸಿದರೆ ಆ ತೊಂದರೆ ಇಲ್ಲ. ಉಪ್ಪು ಬೇಕಿಲ್ಲ, ಮಾಂಸ ಮತ್ತು ಮೊಟ್ಟೆಯಲ್ಲೇ ನಾಯಿಗೆ ಸಾಕಾಗುವಷ್ಟು ಸೋಡಿಯಂ ಇದೆ. ಮಸಾಲೆ, ಖಾರ ಏನೂ ಬೇಡ.

ಪೂರ್ತಿ ಆರಿದ ಮೇಲೆ ಎಣ್ಣೆ, ಚಿಪ್ಪಿನ ಪುಡಿ, ಪ್ರಿಮಿಕ್ಸ್ ಹಾಕಿ. ಬಿಸಿಯಲ್ಲಿ ಹಾಕಿದರೆ ಕೆಲವು ವಿಟಮಿನ್‌ಗಳು ಹಾಳಾಗುತ್ತವೆ. ಚೆನ್ನಾಗಿ ಕಲಸಿ. ಮಾಂಸವನ್ನಷ್ಟೇ ಹೆಕ್ಕಿ ತಿಂದು ಉಳಿದದ್ದನ್ನು ಬಿಟ್ಟರೆ ನಿಮ್ಮ ಲೆಕ್ಕವೆಲ್ಲ ತಟ್ಟೆಯಲ್ಲೇ ಉಳಿಯುತ್ತದೆ.

ಅಡುಗೆಮನೆಯಲ್ಲಿ ಇವು ದೂರವಿರಲಿ

ಈರುಳ್ಳಿ ಮತ್ತು ಬೆಳ್ಳುಳ್ಳಿ ಮೊದಲು. ಹಸಿಯಾಗಲಿ, ಬೆಂದದ್ದಾಗಲಿ, ಪುಡಿಯಾಗಲಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಅಂಗಡಿಯ ಸೂಪ್ ಪುಡಿ, ಸ್ಟಾಕ್ ಕ್ಯೂಬ್‌ಗಳಲ್ಲಿ ಇವು ಸಾಮಾನ್ಯವಾಗಿ ಇದ್ದೇ ಇರುತ್ತವೆ, ಅವನ್ನೂ ಹಾಕಬೇಡಿ. ದ್ರಾಕ್ಷಿ, ಒಣದ್ರಾಕ್ಷಿಯಿಂದ ಕಿಡ್ನಿ ಕೆಡಬಹುದು. ಚಾಕೊಲೇಟ್, ಕಾಫಿ, ಮದ್ಯ, ಹುದುಗು ಬಂದ ಹಸಿ ಹಿಟ್ಟು, ಮೆಕಡೇಮಿಯಾ ಬೀಜ ಯಾವುದೂ ಬೇಡ. ಕ್ಸೈಲಿಟಾಲ್ ತಿಂದರೆ ರಕ್ತದ ಸಕ್ಕರೆ ದಿಢೀರನೆ ಕುಸಿಯುತ್ತದೆ, ಲಿವರ್‌ಗೂ ಹಾನಿಯಾಗುತ್ತದೆ. ಇವುಗಳಲ್ಲಿ ಏನಾದರೂ ತಿಂದಿದ್ದು ಗೊತ್ತಾದರೆ ಲಕ್ಷಣ ಕಾಣಲಿ ಅಂತ ಕಾಯಬೇಡಿ, ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ.

ಹಂತ 7: ಎತ್ತಿಡುವುದು, ಅಭ್ಯಾಸ ಮಾಡಿಸುವುದು

ದಿನಾ ಮಾಡಲು ಪುರುಸೊತ್ತಿಲ್ಲದಿದ್ದರೆ ವಾರದ್ದನ್ನು ಒಟ್ಟಿಗೆ ಮಾಡಿ. ಎರಡು ಗಂಟೆಯೊಳಗೆ ಆರಿಸಿ ಫ್ರಿಜ್‌ಗೆ ಸೇರಿಸಿ. ಬೆಂದ ಅನ್ನ ಹೊರಗೆ ಹೆಚ್ಚು ಹೊತ್ತು ಇದ್ದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಫ್ರಿಜ್‌ನಲ್ಲಿ ಮೂರು ದಿನಕ್ಕಾಗುವಷ್ಟು ಇಟ್ಟು, ಉಳಿದದ್ದನ್ನು ದಿನದ ಲೆಕ್ಕದಲ್ಲಿ ಡಬ್ಬಿ ಮಾಡಿ ಫ್ರೀಜರ್‌ಗೆ ಹಾಕಿ. ಪುಡಿಗಳನ್ನು ಬಡಿಸುವ ದಿನವೇ ಬೆರೆಸುವುದು ಒಳ್ಳೆಯದು.

ಹಳೆಯ ಆಹಾರದಿಂದ ಒಂದೇ ದಿನಕ್ಕೆ ಬದಲಿಸಿದರೆ ಭೇದಿಯಾಗಬಹುದು. ಮೊದಲ ಎರಡು ಮೂರು ದಿನ ಕಾಲು ಭಾಗ ಹೊಸದು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು, ಹೀಗೆ ವಾರದಿಂದ ಹತ್ತು ದಿನದಲ್ಲಿ ಪೂರ್ತಿ ಬದಲಿಸಿ. ಮಲ ತೆಳುವಾದರೆ ಮುಂದೆ ಹೋಗದೆ ಅದೇ ಹಂತದಲ್ಲಿ ಎರಡು ದಿನ ನಿಲ್ಲಿ.

ಹಂತ 8: ನಾಯಿಯನ್ನು ನೋಡಿ ಅಳತೆ ತಿದ್ದುವುದು

ಎರಡು ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ಜೊತೆಗೆ ಪಕ್ಕೆಲುಬು ಮುಟ್ಟಿ ನೋಡಿ. ನಿಮ್ಮ ಕೈಯನ್ನು ನೇರವಾಗಿ ಚಾಚಿ, ಅಂಗೈ ಕೆಳಗೆ ಮಾಡಿ, ಬೆರಳ ಬುಡದ ಗೆಣ್ಣುಗಳ ಮೇಲೆ ಇನ್ನೊಂದು ಕೈಯ ಬೆರಳಾಡಿಸಿ. ನಾಯಿಯ ಪಕ್ಕೆಲುಬು ಕೈಗೆ ಹಾಗೇ ಸಿಗಬೇಕು. ಮುಷ್ಟಿ ಕಟ್ಟಿದಾಗಿನ ಗೆಣ್ಣಿನಂತೆ ಎದ್ದು ಸಿಕ್ಕಿದರೆ ನಾಯಿ ಸೊರಗಿದೆ. ಒತ್ತಿ ಹುಡುಕಬೇಕಾಗಿ ಬಂದರೆ ಬೊಜ್ಜು ಬಂದಿದೆ. ಮೇಲಿನಿಂದ ನೋಡಿದಾಗ ಪಕ್ಕೆಯ ಹಿಂದೆ ಸೊಂಟ ಸಣ್ಣಗಾಗಿ ಕಾಣಬೇಕು. ಇದಕ್ಕೆ ತಕ್ಕಂತೆ ಊಟವನ್ನು ಹತ್ತನೇ ಒಂದು ಭಾಗದಷ್ಟು ಹೆಚ್ಚಿಸಿ ಅಥವಾ ಇಳಿಸಿ. ಅನ್ನವನ್ನೊಂದೇ ಏರಿಸಿ ಇಳಿಸಬೇಡಿ, ಎಲ್ಲ ಪದಾರ್ಥಗಳನ್ನೂ ಅದೇ ಪ್ರಮಾಣದಲ್ಲಿ ಬದಲಿಸಿ.

ಪದಾರ್ಥ ಬದಲಿಸುವ ಆಸೆ ಆಗಾಗ ಬರುತ್ತದೆ. ಸಿಹಿಗುಂಬಳದ ಬದಲು ಕ್ಯಾರೆಟ್ ಜಾಸ್ತಿ ಹಾಕಿದರೆ ಏನೂ ಆಗುವುದಿಲ್ಲ. ಆದರೆ ಕೋಳಿ ತೊಡೆಯ ಬದಲು ಕೊಬ್ಬಿನ ಮಾಂಸ, ಸೂರ್ಯಕಾಂತಿ ಎಣ್ಣೆಯ ಬದಲು ಕೊಬ್ಬರಿ ಎಣ್ಣೆ, ಅಥವಾ ಪ್ರಿಮಿಕ್ಸ್ ಮುಗಿದಿದೆ ಬಿಡು ಅಂತ ಅದಿಲ್ಲದೆಯೇ ನಡೆಸಿದರೆ ಲೆಕ್ಕ ಪೂರ್ತಿ ಬೇರೆಯಾಗುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ನಾಯಿಗೆ ಬೇಕಾದ ಲಿನೋಲಿಯಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ತೀರಾ ಕಡಿಮೆ. ಇಂಥ ಬದಲಾವಣೆಗೆ ಮೊದಲು ರೆಸಿಪಿಯನ್ನು ಮತ್ತೆ ಲೆಕ್ಕ ಹಾಕಿಸಿ.

ಕೂದಲು ಮಂಕಾಗಿ ಉದುರುವುದು, ಮೂಗು ಮತ್ತು ಕಣ್ಣಿನ ಸುತ್ತ ಹಕ್ಕಳೆ ಕಟ್ಟುವುದು, ಎದ್ದೇಳುವಾಗ ಕುಂಟುವುದು, ಹಲ್ಲು ಸಡಿಲವಾಗುವುದು ಕಂಡರೆ ಪಶುವೈದ್ಯರ ಹತ್ತಿರ ಹೋಗುವಾಗ ನೀವು ಹಾಕುವ ಊಟದ ಪಟ್ಟಿಯನ್ನು ಗ್ರಾಂ ಲೆಕ್ಕದಲ್ಲಿ ಬರೆದುಕೊಂಡು ಹೋಗಿ. ಏನೂ ತೊಂದರೆ ಇಲ್ಲದಿದ್ದರೂ ಊಟ ಬದಲಿಸಿದ ಒಂದೆರಡು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ತೋರಿಸಿ ಬನ್ನಿ.